ಗಾಳಿಕೋವಿಯ ಜೀರ್ಣೋದ್ಧಾರ

ಸೈಕಲ್ಲಿಗೆ ಗಾಳಿ ತುಂಬುವ ಪಂಪು ಕೆಲಸಕ್ಕೆ ಬಾರದೆ ಹೋದಾಗ ಅದನ್ನು ಬಿಚ್ಚಿ, ಒಳಗಿನ ದಂಡದ ತುದಿಯಲ್ಲಿ ಬಟ್ಟಲಿನ ಆಕಾರದಲ್ಲಿ ಕೂತಿರುವ ಚರ್ಮದ ವಾಷರನ್ನು ಹೊರತೆಗೆದು, ಅದಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟು, ಅಂಚನ್ನು ಉಗುರಿನಿಂದ ಹೊರಕ್ಕೆ ಅರಳಿಸಿ ಮತ್ತೆ ಕೂರಿಸಿದಾಗ, ಸತ್ತಂತಿದ್ದ ಪಂಪು ಉಸಿರು ಬಂದು ಬುಸುಗುಟ್ಟುವುದನ್ನು ನಮ್ಮ ತಲೆಮಾರಿನವರೆಲ್ಲರೂ ಬಾಲ್ಯದಲ್ಲಿ ಕಂಡಿದ್ದೇವೆ. ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದರೆ ಒಳಗೆ ಸಿಕ್ಕಿಕೊಂಡ ಗಾಳಿಯು ಕೈಯನ್ನು ಹಿಂದಕ್ಕೆ ನೂಕುತ್ತಿತ್ತು. ಆ ನೂಕೇ ಚರ್ಮವು ಸರಿಯಾಗಿದೆಯೆಂಬುದಕ್ಕೆ ಪ್ರಮಾಣವಾಗಿತ್ತು. ಜನರು ಏರ್ ಗನ್ ಎಂದು ಕರೆಯುವ ಗಾಳಿಕೋವಿಯು ಮೂಲತಃ ಇಂಥದೇ ಒಂದು ಪಂಪು; ಭೇದವೆಂದರೆ ಇಲ್ಲಿ ದಂಡವನ್ನು ನೂಕುವುದು ಮನುಷ್ಯನ ತೋಳಲ್ಲದೆ ಅಮುಕಿಟ್ಟ ಉಕ್ಕಿನ ಸ್ಪ್ರಿಂಗು. ಇಂಥ ಹಳೆಯ ಕೋವಿಗಳಿಗೆ ಬೇಕಾದ ಬಿಡಿಭಾಗಗಳನ್ನು ಹುಡುಕಿ ತಂದು, ಸಿಕ್ಕದ್ದನ್ನು ಮಾಡಿಕೊಂಡು, ಒಂದೊಂದನ್ನೂ ಅದರದರ ತಾವಿಗೆ ಹೊಂದಿಸತಕ್ಕ ಕುಶಲಕರ್ಮವೊಂದು ಇಂಗ್ಲೆಂಡಿನಲ್ಲಿ, ವಿಶೇಷವಾಗಿ ಬರ್ಮಿಂಗ್‌ಹ್ಯಾಮ್ ನಗರದ ಕೋವಿಗಳನ್ನು ಆಶ್ರಯಿಸಿ, ಬೆಳೆದುಬಂದಿದೆ. ಆ ಕರ್ಮದ ಪರಿಚಯವನ್ನು ಮಾಡಿಕೊಡುವುದೇ ಈ ಬರಹದ ಉದ್ದೇಶ.

ಯಂತ್ರದ ವ್ಯವಸ್ಥೆ ಸರಳವಾದದ್ದು. ನಳಿಗೆಯ ಹಿಂದೆ ಉಕ್ಕಿನ ಸಿಲಿಂಡರ್, ಅದರೊಳಗೆ ಪಿಸ್ಟನ್, ಪಿಸ್ಟನ್ನಿನ ಹಿಂದೆ ಬಲವಾದ ಸುರುಳಿ ಸ್ಪ್ರಿಂಗು. ನಳಿಗೆಯ ಕೆಳಗಣ ಸನ್ನೆಯನ್ನು ಎಳೆದರೆ ಪಿಸ್ಟನ್ನು ಹಿಂದೆ ಸರಿದು, ಸ್ಪ್ರಿಂಗನ್ನು ಅಮುಕಿ, ಸಿಯರ್ ಎಂಬ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ; ಕುದುರೆಯನ್ನು ಎಳೆದೊಡನೆ ಕೊಕ್ಕೆ ಕಳಚಿ, ಪಿಸ್ಟನ್ನು ಮುನ್ನುಗ್ಗಿ, ತನ್ನೆದುರಿಗಿದ್ದ ಗಾಳಿಯನ್ನೆಲ್ಲ ಸಣ್ಣದೊಂದು ರಂಧ್ರದ ಮೂಲಕ ಸೀಸದ ಗುಂಡಿನ ಬೆನ್ನಿಗೆ ಒತ್ತುತ್ತದೆ. ಮದ್ದಿಲ್ಲ, ಕಿಡಿಯಿಲ್ಲ. ಉಕ್ಕಿನ ದೊಡ್ಡ ಅಂಗಗಳಾದ ಸಿಲಿಂಡರೂ ನಳಿಗೆಯೂ ತುಕ್ಕಿನಿಂದ ಕಾಪಾಡಿದರೆ ನೂರು ವರ್ಷವಾದರೂ ಕೆಡುವುದಿಲ್ಲ; ಮುಪ್ಪಡರುವುದು ಚಿಕ್ಕ ಅಂಗಗಳಿಗೆ. ಚರ್ಮ ಒಣಗುತ್ತದೆ, ಸ್ಪ್ರಿಂಗು ಕುಗ್ಗುತ್ತದೆ ಅಥವಾ ಮುರಿಯುತ್ತದೆ, ಕೊಕ್ಕೆಯ ಅಂಚು ಸವೆಯುತ್ತದೆ, ತಿರುಪುಗಳ ತಲೆ ಅಯೋಗ್ಯ ಹಸ್ತಗಳಲ್ಲಿ ನುಜ್ಜಾಗುತ್ತದೆ. ಒಡಲು ಗಟ್ಟಿಯಾಗಿದ್ದು ಇಂದ್ರಿಯಗಳು ಮಾತ್ರ ಸೋತ ವೃದ್ಧನಂತೆ ಕೋವಿಯು ಅಟ್ಟದ ಮೂಲೆಯಲ್ಲಿ ಬಿದ್ದಿರುತ್ತದೆ.

ಬರ್ಮಿಂಗ್‌ಹ್ಯಾಮಿನ ಹೆಸರನ್ನು ಮೊದಲೇ ಎತ್ತಿದುದಕ್ಕೆ ಕಾರಣವುಂಟು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಆ ಊರಿನ ಕೋವಿಕೇರಿಯಲ್ಲಿ ಬಂದೂಕಿನ ಕೆಲಸವು ಮನೆಮನೆಗೆ ಹಂಚಿಹೋಗಿದ್ದಿತು: ನಳಿಗೆ ಕೊರೆಯುವವನೊಬ್ಬ, ಕುದುರೆಯ ಯಂತ್ರ ಮಾಡುವವನೊಬ್ಬ, ಮರದ ಹಿಡಿ ಕೆತ್ತುವವನು ಮತ್ತೊಬ್ಬ. ಹೀಗೆ ಬೇರೆ ಬೇರೆ ಕೈಗಳಿಂದ ಬಂದ ಭಾಗಗಳನ್ನು ಕೊನೆಯಲ್ಲಿ ಒಬ್ಬನು ಅರ ಹಿಡಿದು ಉಜ್ಜಿ ಉಜ್ಜಿ ಒಂದಕ್ಕೊಂದು ಕೂಡಿಸುತ್ತಿದ್ದನಾಗಿ, ಒಂದು ಬಂದೂಕಿನ ಭಾಗವು ಅದೇ ಕೇರಿಯ ಇನ್ನೊಂದು ಬಂದೂಕಿಗೆ ಕೂರುತ್ತಿರಲಿಲ್ಲ. ಸರ್ಕಾರದ ಎನ್‌ಫೀಲ್ಡ್ ಕಾರ್ಖಾನೆಯು ಅಮೆರಿಕದಿಂದ ಯಂತ್ರಗಳನ್ನು ತರಿಸಿ, ಎಲ್ಲ ಭಾಗಗಳನ್ನೂ ಗೇಜಿನ ಅಳತೆಗೆ ಏಕರೂಪವಾಗಿ ತಯಾರಿಸಲು ತೊಡಗಿದಾಗ, ಕೇರಿಯ ಕೋವಿಗಾರರು ತಮ್ಮ ವೃತ್ತಿಗೆ ಒದಗಿದ ಅಪಾಯವನ್ನು ಅರಿತು, ಒಂದುಗೂಡಿ, 1861ರಲ್ಲಿ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯನ್ನು ಸ್ಥಾಪಿಸಿ, ಸ್ಮಾಲ್ ಹೀತ್ ಎಂಬಲ್ಲಿ ಕಾರ್ಖಾನೆ ಕಟ್ಟಿದರು. ಇದೇ ಬಿ.ಎಸ್.ಎ. ಸೈಕಲ್ಲಿನ ಚೌಕಟ್ಟಿನ ಮೇಲೆ ಈ ಮೂರಕ್ಷರವನ್ನು ಕಂಡು ಬೆಳೆದ ಕನ್ನಡಿಗರಿಗೆ, ಅದು ಮೂಲದಲ್ಲಿ ಬಂದೂಕಿನ ಕಂಪನಿಯ ಹೆಸರೆಂಬುದೂ, ಮೂರು ಬಂದೂಕುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಚಿತ್ರವೇ ಅದರ ಲಾಂಛನವೆಂಬುದೂ ಹೊಸ ಸಂಗತಿಯಾಗಿ ತೋರಬಹುದು.

ಏಕರೂಪದ ಭಾಗಗಳೆಂಬ ಈ ತತ್ತ್ವದ ಫಲವನ್ನು ಇಂದಿನ ದುರಸ್ತಿಗಾರನು ಉಣ್ಣುತ್ತಿದ್ದಾನೆ. ಬೋಯರ್ ಯುದ್ಧದ ತರುವಾಯ ಗುರಿಕಾರಿಕೆಯನ್ನು ಅಭ್ಯಾಸ ಮಾಡಬೇಕೆಂಬ ಉತ್ಸಾಹ ಇಂಗ್ಲೆಂಡಿನ ಊರೂರಿಗೂ ಹಬ್ಬಿದ ದಿನಗಳಲ್ಲಿ, ಬರ್ಮಿಂಗ್‌ಹ್ಯಾಮಿನ ಲಿಂಕನ್ ಜೆಫ್ರೀಸ್ ಎಂಬ ಕೋವಿಗಾರನು 1904ರಲ್ಲಿ ಹೊಸ ಮಾದರಿಯೊಂದಕ್ಕೆ ಪೇಟೆಂಟು ಪಡೆದನು. ಅದುವರೆಗಿನ ಅನೇಕ ಗಾಳಿಕೋವಿಗಳಲ್ಲಿ ನಳಿಗೆಯನ್ನೇ ಮಡಿಸಿ ಸ್ಪ್ರಿಂಗನ್ನು ಎಳೆಯಬೇಕಾಗಿದ್ದಿತು. ಮಡಿಸುವ ನಳಿಗೆ ಕಾಲಕ್ರಮದಲ್ಲಿ ಕೀಲಿನಲ್ಲಿ ಸಡಿಲಗೊಂಡು ಗುರಿ ತಪ್ಪುತ್ತಿದ್ದಿತು. ಜೆಫ್ರೀಸನು ನಳಿಗೆಯನ್ನು ಅಚಲವಾಗಿ ನಿಲ್ಲಿಸಿ, ಎಳೆಯುವುದಕ್ಕೆ ಅದರ ಕೆಳಗೆ ಬೇರೊಂದು ಸನ್ನೆಯನ್ನು ಕೊಟ್ಟು, ಗುಂಡನ್ನು ಒಳಗಿಡುವುದಕ್ಕೆ ತಿರುಗಿಸುವ ತೂಬೊಂದನ್ನು ಕಲ್ಪಿಸಿದನು. ಬಿ.ಎಸ್.ಎ. ಕಂಪನಿಯು ಮರುವರ್ಷದಿಂದಲೇ ಈ ಕೋವಿಯನ್ನು ತಯಾರಿಸಲಾರಂಭಿಸಿ, ಸೈನಿಕರ ಬಂದೂಕಿಗೆ ತೋರಿದ ಶ್ರದ್ಧೆಯನ್ನೇ ಇದಕ್ಕೂ ತೋರಿತು. ಆಟಿಕೆಯೆಂದು ಗಣಿಸಲ್ಪಡುತ್ತಿದ್ದ ವಸ್ತುವಿಗೆ ಗೇಜಿನ ಅಳತೆಯೂ, ಗೀರುಕೊರೆದ ಉತ್ತಮ ನಳಿಗೆಯೂ, ಅಕ್ರೋಟು ಮರದ ಹಿಡಿಯೂ ದೊರಕಿದುದು ಆಗ. ಈ ಕೋವಿಗಳು ಇಂದಿಗೂ ಉಳಿದಿರುವುದಕ್ಕೆ ಮುಖ್ಯ ಕಾರಣ ಅದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ನಾಡಿನ ಮಧ್ಯಸೀಮೆಯಲ್ಲಿ ಗಾಳಿಕೋವಿಗೆ ಒದಗಿದ ಉಪಯೋಗವು ಮನೋಹರವಾದದ್ದು. ಸಂಜೆ ಕೆಲಸ ಮುಗಿಸಿ ಪಾನಗೃಹಕ್ಕೆ ಬಂದ ಕಾರ್ಮಿಕರು, ಉಕ್ಕಿನ ಫಲಕವೊಂದರ ನಡುವೆ ಕೊರೆದಿರುವ ಅಂಗುಲದ ಎಂಟನೇ ಮೂರು ಭಾಗದಷ್ಟು ಅಗಲದ ರಂಧ್ರಕ್ಕೆ, ಆರು ಗಜ ದೂರದಿಂದ, ನಿಂತೇ ಗುರಿಯಿಡುತ್ತಿದ್ದರು. ಗುಂಡು ರಂಧ್ರದೊಳಗೆ ತೂರಿದರೆ ಹಿಂದಿರುವ ಗಂಟೆ ಬಾರಿಸುತ್ತದೆ. ಊರೂರಿಗೆ ತಂಡಗಳಾಗಿ ಪಂದ್ಯಗಳು ನಡೆದವು. ಇಂದಿಗೂ ಕೆಲವೆಡೆ ನಡೆಯುತ್ತಿವೆ. ನಮ್ಮ ದೇಶದಲ್ಲಿ ಗಾಳಿಕೋವಿಯ ನೆನಪು ಹೆಚ್ಚಾಗಿ ಹಕ್ಕಿಗಳ ಹತ್ಯೆಯೊಡನೆ ಬೆಸೆದುಕೊಂಡಿರುವುದು ದುಃಖದ ಮಾತು. ಬಾಲಕ ಸಲೀಂ ಅಲಿಯು ತನ್ನ ಗಾಳಿಕೋವಿಯಿಂದ ಹೊಡೆದುರುಳಿಸಿದ ಹಳದಿ ಕೊರಳಿನ ಗುಬ್ಬಿಯು ಯಾವುದೆಂದು ತಿಳಿಯುವುದಕ್ಕಾಗಿ ಬೊಂಬಾಯಿಯ ನಿಸರ್ಗ ಚರಿತ್ರ ಸಂಘದ ಬಾಗಿಲು ತಟ್ಟಿ, ಮುಂದೆ ಪಕ್ಷಿಗಳ ಆಜೀವ ಬಂಧುವಾದುದು ಅಪರೂಪದ ಪರಿಣಾಮ. ಹಕ್ಕಿಗೆ ಗುರಿಯಿಟ್ಟ ಕೋವಿಗಿಂತ ಗಂಟೆಗೆ ಗುರಿಯಿಟ್ಟ ಕೋವಿಯು ಮೇಲಾದುದೆಂದು ನಾನು ನಂಬಿದ್ದೇನೆ. ಈ ಬರಹದಲ್ಲಿ ಕೋವಿಯೆಂದಾಗಲೆಲ್ಲ ನನ್ನ ಮನಸ್ಸಿನಲ್ಲಿರುವುದು ಗಂಟೆಯ ಕೋವಿಯೇ.

ಮೊದಲನೆಯ ಮಹಾಯುದ್ಧವು ಗಾಳಿಕೋವಿಯ ಉತ್ಪಾದನೆಯನ್ನು ಕೆಲಕಾಲ ನಿಲ್ಲಿಸಿತು. ಎರಡನೆಯದು ಹಳೆಯ ಮಾದರಿಯನ್ನು ಶಾಶ್ವತವಾಗಿ ಮುಗಿಸಿತು. 1940ರ ನವೆಂಬರ್ ತಿಂಗಳಲ್ಲಿ ಸ್ಮಾಲ್ ಹೀತ್ ಕಾರ್ಖಾನೆಯ ಮೇಲೆ ಬಾಂಬುಗಳು ಬಿದ್ದು, ರಾತ್ರಿ ಪಾಳಿಯಲ್ಲಿದ್ದ 53 ಮಂದಿ ಕೆಲಸಗಾರರು ಮಡಿದರು. ಯುದ್ಧಾನಂತರ ಕಂಪನಿಯು 1948ರಲ್ಲಿ ಏರ್‌ಸ್ಪೋರ್ಟರ್ ಎಂಬ ಹೊಸ ಕೋವಿಯನ್ನು ಹೊರತಂದಿತು. ಅದರಲ್ಲಿ ಸನ್ನೆಯನ್ನು ಎಳೆದೊಡನೆ ತೂಬು ತಾನಾಗಿಯೇ ತೆರೆದುಕೊಳ್ಳುತ್ತದೆ. 1959ರಲ್ಲಿ ಮೀಟಿಯರ್ ಎಂಬ ಅಗ್ಗದ ಕೋವಿ ಬಂದಿತು. ಬಳಿಕ ಕಂಪನಿಯ ಮೋಟಾರ್‌ಸೈಕಲ್ ಉದ್ಯಮ ಕುಸಿದು, ಕೋವಿಯ ವಿಭಾಗವು 1986ರಲ್ಲಿ ಸ್ಪೇನಿನ ಗ್ಯಾಮೋ ಕಂಪನಿಯ ವಶಕ್ಕೆ ಹೋಯಿತು. ಕಾರ್ಖಾನೆಗಳು ಕೈಬದಲಾದಾಗ ಹಳೆಯ ಮಾದರಿಗಳ ಬಿಡಿಭಾಗಗಳಿಗೆ ಒಡೆಯರಿಲ್ಲದಂತಾಗುತ್ತದೆ. ಅಂಥ ಸಮಯದಲ್ಲಿ ಉಗ್ರಾಣದ ಕಪಾಟುಗಳಲ್ಲಿ ಉಳಿದುದನ್ನು ಮೂಟೆಗಟ್ಟಿ ಕೊಂಡೊಯ್ದು, ವಿಂಗಡಿಸಿ, ಹೆಸರಿಟ್ಟು, ದಶಕಗಳ ಕಾಲ ಬಿಡಿಬಿಡಿಯಾಗಿ ಮಾರಿದ ಚಿಕ್ಕ ವ್ಯಾಪಾರಿಗಳಿಲ್ಲದೆ ಇದ್ದಿದ್ದರೆ, ಈ ಕುಶಲಕರ್ಮವು ಹುಟ್ಟುತ್ತಲೇ ಇರಲಿಲ್ಲ. ಅವರ ಬಳಿಯಲ್ಲಿ ಮೂರು ಬಗೆಯ ಸರಕು ಸಿಕ್ಕುತ್ತದೆ: ಕಾರ್ಖಾನೆಯದೇ ಆದ, ಬಳಸದೆ ಉಳಿದ ಹಳೆಯ ಹೊಸ ಭಾಗ, ಕೆಟ್ಟುಹೋದ ಕೋವಿಯಿಂದ ಕಳಚಿಟ್ಟ ಭಾಗ, ಮತ್ತು ಮಾದರಿಯನ್ನು ನೋಡಿ ಇತ್ತೀಚೆಗೆ ಹೊಸದಾಗಿ ಮಾಡಿಸಿದ ಭಾಗ. ಮೊದಲನೆಯದು ವರ್ಷವರ್ಷಕ್ಕೂ ವಿರಳವಾಗುತ್ತಿದೆ.

ಹುಡುಕುವವನಿಗೆ ಮೊದಲು ಬೇಕಾದದ್ದು ತನ್ನ ಕೈಯಲ್ಲಿರುವುದು ಯಾವ ಕೋವಿಯೆಂಬ ನಿಶ್ಚಯ. ಇದು ಕಂಡಷ್ಟು ಸುಲಭವಲ್ಲ. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಬಿ.ಎಸ್.ಎ. ಕೋವಿಗಳಲ್ಲಿ ಒಂದರ ಸಂಖ್ಯೆಯ ಮುಂದೆ ಎಲ್ ಎಂಬ ಆಂಗ್ಲ ಅಕ್ಷರವೂ ಇನ್ನೊಂದರ ಮುಂದೆ ಎಸ್ ಎಂಬುದೂ ಇರಬಹುದು. ಮೊದಲನೆಯದು ‘ಲೈಟ್’, ಎರಡನೆಯದು ‘ಸ್ಟ್ಯಾಂಡರ್ಡ್’. ನಳಿಗೆಯ ಒಳವ್ಯಾಸವನ್ನು ಆ ಕಾಲದಲ್ಲಿ ಅಂಕೆಗಳಿಂದ ಗುರುತಿಸುತ್ತಿದ್ದರು: ಒಂದನೆಯ ಅಂಕೆಯದು 0.177 ಅಂಗುಲ, ಎರಡನೆಯದು 0.22, ಮೂರನೆಯದು 0.25. ಅಕ್ಷರ, ಅಂಕೆ, ಸಂಖ್ಯೆ, ಸನ್ನೆಯ ಆಕಾರ, ತೂಬಿನ ಹಿಡಿಯ ರೂಪ ಇವೆಲ್ಲವನ್ನೂ ಕೂಡಿಸಿ ನೋಡಿದರೆ ಮಾತ್ರ ಕೋವಿಯ ವಯಸ್ಸೂ ವಂಶವೂ ತಿಳಿಯುತ್ತವೆ. ಜಾನ್ ನಿಬ್ಸ್ ಎಂಬವರು ಬಿ.ಎಸ್.ಎ. ಮತ್ತು ಲಿಂಕನ್ ಜೆಫ್ರೀಸ್ ಗಾಳಿಕೋವಿಗಳನ್ನು ಕುರಿತು ಬರೆದಿರುವ ಗ್ರಂಥವು ಈ ವಂಶಾವಳಿಗೆ ದಾರಿದೀಪ. ಕಂಪನಿಗಳು ತಾವೇ ಅಚ್ಚು ಹಾಕಿಸಿದ ಪಟ್ಟಿಗಳಲ್ಲಿ ಕೋವಿಯನ್ನು ಬಿಡಿಸಿ, ತಿರುಪಿನಿಂದ ಹಿಡಿದು ಹಿಡಿಯವರೆಗೆ ಒಂದೊಂದು ಭಾಗಕ್ಕೂ ಹೆಸರನ್ನೂ ಅಂಕೆಯನ್ನೂ ಕೊಟ್ಟಿರುತ್ತಿದ್ದರು. ಅಂಥ ಹಳೆಯ ಪಟ್ಟಿಯೊಂದು ಕೈಯಲ್ಲಿದ್ದರೆ ವ್ಯಾಪಾರಿಗೆ ಬರೆಯುವ ಕಾಗದವು ಎರಡೇ ಸಾಲಿನಲ್ಲಿ ಮುಗಿಯುತ್ತದೆ.

ಹೆಸರು ಮೋಸಮಾಡುವ ಸಂದರ್ಭಗಳೂ ಉಂಟು. ಜರ್ಮನಿಯ ರಾಸ್ಟಾಟ್ ಊರಿನಲ್ಲಿ 1890ರಲ್ಲಿ ಸ್ಥಾಪಿತವಾದ ಮೇಯರ್ ಮತ್ತು ಗ್ರಾಮೆಲ್‌ಸ್ಪಾಖರ್ ಸಂಸ್ಥೆಯ ಕೋವಿಗಳು ‘ಡಯಾನಾ’ ಎಂಬ ಹೆಸರಿನಿಂದ ಲೋಕವಿಖ್ಯಾತವಾದವು. ಬೇಟೆಯ ದೇವಿಯು ತನ್ನ ಬಿಲ್ಲುಬಾಣಗಳನ್ನು ಎಸೆದು ಗಾಳಿಕೋವಿಯನ್ನು ಎತ್ತಿ ಹಿಡಿದಿರುವುದು ಅದರ ಲಾಂಛನ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮೇಲೆ ಅಲ್ಲಿಯ ಯಂತ್ರಗಳೂ ಆ ಹೆಸರೂ ಮಿಲ್‌ಬ್ರೋ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾಗಿ, ಸ್ಕಾಟ್ಲೆಂಡಿನಲ್ಲಿ ಮಾಡಿದ ಕೋವಿಗಳ ಮೇಲೆ ಡಯಾನಾ ಎಂಬ ಮುದ್ರೆ ಬಿದ್ದಿತು. ರಾಸ್ಟಾಟಿನವರು ಮತ್ತೆ ಕೆಲಸ ಆರಂಭಿಸಿ ಬ್ರಿಟನ್ನಿಗೆ ಕಳುಹಿಸಿದ ಕೋವಿಗಳಿಗೆ ತಮ್ಮದೇ ಹೆಸರನ್ನು ಬಳಸುವಂತಿರಲಿಲ್ಲವಾಗಿ ‘ಒರಿಜಿನಲ್’ ಎಂಬ ಹೆಸರನ್ನಿಟ್ಟರು. ಹೀಗಾಗಿ ಡಯಾನಾ ಎಂದು ಕೇಳಿ ತರಿಸಿದ ಸ್ಪ್ರಿಂಗು ಡಯಾನಾಕ್ಕೆ ಕೂರದಿದ್ದರೆ ಆಶ್ಚರ್ಯಪಡಬೇಕಾದುದಿಲ್ಲ. ಯಾವ ದೇಶದ ಡಯಾನಾ ಎಂದು ಮೊದಲೇ ಕೇಳಿಕೊಂಡಿರಬೇಕಾಗಿತ್ತು.

ತಿರುಪುಗಳ ವಿಷಯ ಇನ್ನಷ್ಟು ಸೂಕ್ಷ್ಮ. ಜರ್ಮನಿಯ ತಿರುಪು ಮಿಲಿಮೀಟರಿನ ಲೆಕ್ಕದ್ದು. ಬ್ರಿಟನ್ನಿನಲ್ಲಿ ವಿಟ್‌ವರ್ತ್ ಪದ್ಧತಿಯ ಎಳೆಗೆ 55 ಡಿಗ್ರಿಯ ಕೋನ. ಚಿಕ್ಕ ಯಂತ್ರಗಳಿಗೆ ಬಳಕೆಯಲ್ಲಿದ್ದ ಬಿ.ಎ. ಪದ್ಧತಿಯದು 47½ ಡಿಗ್ರಿ. ಸೈಕಲ್ ಉದ್ಯಮದ ಎಳೆಯದು 60. ಕಣ್ಣಿಗೆ ಒಂದೇ ಎನಿಸುವ ತಿರುಪು ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದರಲ್ಲಿ ಬಿಗಿದುಕೊಂಡರೆ, ಕೈಯನ್ನು ಅಲ್ಲೇ ನಿಲ್ಲಿಸಬೇಕು. ಅಲ್ಲಿ ಬಲ ತೋರಿದವನು ಐದು ಕಾಸಿನ ತಿರುಪಿಗಾಗಿ ಮತ್ತೆಂದೂ ಸಿಕ್ಕದ ಸಿಲಿಂಡರನ್ನು ಕೆಡಿಸಿಕೊಳ್ಳುತ್ತಾನೆ.

ಇನ್ನು ಹೊಂದಿಸುವ ಕೆಲಸ. ಕೋವಿಯನ್ನು ಬಿಚ್ಚುವುದೇ ಇದರಲ್ಲಿ ಭಯದ ಘಟ್ಟ. ಸ್ಪ್ರಿಂಗು ವಿಶ್ರಾಂತಿಯಲ್ಲಿರುವಂತೆ ತೋರುವಾಗಲೂ ಸಿಲಿಂಡರಿನೊಳಗೆ ಸಾಕಷ್ಟು ಅಮುಕಲ್ಪಟ್ಟೇ ಇರುತ್ತದೆ. ಹಿಂದಿನ ಮುಚ್ಚಳವನ್ನು ಅಜಾಗ್ರತೆಯಿಂದ ಕಳಚಿದರೆ ಅದು ಚಿಮ್ಮಿ ಮುಖವನ್ನು ಒಡೆಯಬಲ್ಲದು. ಆದಕಾರಣ ಉದ್ದವಾದ ತಿರುಪುಳ್ಳ ಚೌಕಟ್ಟೊಂದರಲ್ಲಿ ಕೋವಿಯನ್ನು ಮಲಗಿಸಿ, ಮುಚ್ಚಳವನ್ನು ಒತ್ತಿಹಿಡಿದು, ಕಳಚಿ, ತಿರುಪನ್ನು ನಿಧಾನವಾಗಿ ಹಿಂದೆ ಬಿಡುತ್ತ ಸ್ಪ್ರಿಂಗಿನ ಕೋಪವನ್ನು ಇಳಿಸಬೇಕು. ಜೆಫ್ರೀಸ್ ಮಾದರಿಯ ಕೋವಿಗಳಲ್ಲಿ ಕುದುರೆಯ ಪೆಟ್ಟಿಗೆಯೇ ಸಿಲಿಂಡರಿನ ಹಿಂತುದಿಗೆ ತಿರುಪಿನಂತೆ ಸೇರಿಕೊಂಡಿದ್ದು, ಎಷ್ಟೋ ವರ್ಷಗಳ ಎಣ್ಣೆಯ ಜಿಡ್ಡಿನಿಂದ ಕಚ್ಚಿ ಹಿಡಿದಿರುತ್ತದೆ. ಅದಕ್ಕೆ ದಿನಗಟ್ಟಲೆ ಎಣ್ಣೆಯೂಡಿಸಿ, ಉಕ್ಕಿಗೆ ಗೀರು ಬೀಳದಂತೆ ವೈಸಿನ ದವಡೆಗಳಿಗೆ ಮರದ ತುಂಡುಗಳನ್ನು ಕೊಟ್ಟು, ತಾಳ್ಮೆಯಿಂದ ತಿರುಗಿಸಬೇಕು. ಡಯಾನಾ ಜಾತಿಯ ಕೆಲವು ಕೋವಿಗಳಲ್ಲಿ ಕೊಕ್ಕೆಗೆ ಬದಲಾಗಿ ಮೂರು ಉಕ್ಕಿನ ಗೋಲಿಗಳು ಪಿಸ್ಟನ್ನಿನ ದಂಡವನ್ನು ಹಿಡಿದುಕೊಂಡಿರುತ್ತವೆ; ಬಿಚ್ಚುವಾಗ ಇವು ಉದುರಿ ನೆಲದ ಬಿರುಕುಗಳಲ್ಲಿ ಮಾಯವಾಗುತ್ತವೆಂಬುದನ್ನು ಅರಿತವರು, ಕೆಳಗೆ ಬಿಳಿಯ ಬಟ್ಟೆ ಹಾಸಿಕೊಂಡೇ ಕೂರುತ್ತಾರೆ.

ಚರ್ಮದ ವಾಷರಿನ ತಯಾರಿಕೆ ಈ ಕರ್ಮದ ಅತ್ಯಂತ ಪ್ರಾಚೀನವೂ, ನನ್ನ ಕಣ್ಣಿಗೆ ಅತ್ಯಂತ ಸುಂದರವೂ ಆದ ಅಂಗ. ಇದಕ್ಕೆ ರಾಸಾಯನಿಕ ಲವಣಗಳಲ್ಲಿ ಹದಮಾಡಿದ ಮೃದುಚರ್ಮವು ಆಗದು. ಮರದ ತೊಗಟೆಯ ಒಗರಿನಲ್ಲಿ ಹದಗೊಂಡ, ಬೆನ್ನಿನ ಭಾಗದ, ಮೂರು ನಾಲ್ಕು ಮಿಲಿಮೀಟರ್ ದಪ್ಪದ ಬಿಗಿಯಾದ ಚರ್ಮ ಬೇಕು. ಇಂಗ್ಲೆಂಡಿನಲ್ಲಿ ಓಕ್ ಮರದ ತೊಗಟೆಯಿಂದ ಈ ಕೆಲಸವಾಗುತ್ತಿದ್ದಿತು. ನಮ್ಮ ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯಿಂದ. ತಂಗಡಿಯಲ್ಲಿ ಹದಗೊಂಡ ದಕ್ಷಿಣ ಭಾರತದ ಚರ್ಮವು ಮದರಾಸು ಬಂದರಿನಿಂದ ಹಡಗೇರಿ ಬ್ರಿಟನ್ನಿನ ಪೇಟೆಗಳಿಗೆ ಹೇರಳವಾಗಿ ಹೋಗುತ್ತಿದ್ದ ಕಾಲವೊಂದಿತ್ತೆಂಬುದನ್ನು ಪ್ರಸಂಗವಶಾತ್ ನೆನೆಯಬಹುದು. ಚರ್ಮವನ್ನು ದುಂಡಗೆ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಲೇತಿನಲ್ಲಿ ಕಡೆದ ಅಚ್ಚಿನೊಳಗೆ ಒತ್ತಿ, ಬಟ್ಟಲಿನಂತೆ ಅಂಚು ಮೇಲೆದ್ದ ಮೇಲೆ, ಅಚ್ಚಿನಲ್ಲಿಯೇ ನೆರಳಿನಲ್ಲಿ ಒಣಗಬಿಡುತ್ತಾರೆ. ಬಿಸಿಲಿಗಿಟ್ಟು ಅವಸರಪಡಿಸಿದರೆ ಚರ್ಮವು ಸುಕ್ಕಿ ಬಿರುಸಾಗುತ್ತದೆ. ಒಣಗಿದ ಬಟ್ಟಲಿನ ಅಂಚನ್ನು ಹರಿತವಾದ ಅಲಗಿನಿಂದ ಸಮಮಾಡಿ, ದನದ ಕಾಲೆಲುಬುಗಳಿಂದ ತೆಗೆದ ಎಣ್ಣೆಯಲ್ಲಿ ಅದ್ದಿಟ್ಟರೆ, ಒಂದೆರಡು ದಿನಗಳಲ್ಲಿ ಚರ್ಮವು ಎಣ್ಣೆಯನ್ನು ಹೀರಿ, ಜೇನಿನ ಬಣ್ಣಕ್ಕೆ ತಿರುಗಿ, ಬೆರಳಿಗೆ ಜೀವಂತವಾದುದೆಂಬಂತೆ ತಾಗುತ್ತದೆ.

ಅದನ್ನು ಪಿಸ್ಟನ್ನಿನ ತಲೆಗೆ ತಿರುಪಿನಿಂದ ಬಿಗಿದು, ಸಿಲಿಂಡರಿನೊಳಗೆ ಇಳಿಸಿ ನೋಡಬೇಕು. ಅತಿ ಬಿಗಿಯಾದರೆ ಪಿಸ್ಟನ್ನಿನ ವೇಗವೆಲ್ಲ ಘರ್ಷಣೆಯಲ್ಲಿ ಕಳೆದುಹೋಗುತ್ತದೆ. ಸಡಿಲವಾದರೆ ಗಾಳಿಯು ಪಕ್ಕದಿಂದ ನುಣುಚಿಕೊಂಡು, ಮೆತ್ತೆಯಿಲ್ಲದ ಪಿಸ್ಟನ್ನು ಸಿಲಿಂಡರಿನ ತುದಿಗೆ ಬಡಿಯುತ್ತದೆ. ನಯವಾದ ಉಪ್ಪುಕಾಗದದಿಂದ ಅಂಚನ್ನು ಒಂದಿಷ್ಟು ತೀಡಿ, ಮತ್ತೆ ಇಳಿಸಿ, ಮತ್ತೆ ತೀಡಿ, ಕೊನೆಗೆ ಗಾಳಿಯ ರಂಧ್ರವನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ನನ್ನು ಕೈಯಿಂದ ನೂಕಿದಾಗ ಅದು ಸ್ವಲ್ಪ ದೂರ ಹೋಗಿ, ತಡೆದು, ತಾನೇ ಹಿಂದಕ್ಕೆ ಪುಟಿಯಬೇಕು. ಬಾಲ್ಯದ ಸೈಕಲ್ ಪಂಪಿನ ಪರೀಕ್ಷೆಯೇ ಇಲ್ಲಿಯೂ ಅಂತಿಮ ಪರೀಕ್ಷೆ. ಎಷ್ಟು ತೀಡಬೇಕೆಂಬುದನ್ನು ಯಾವ ಗೇಜೂ ಹೇಳುವುದಿಲ್ಲ. ಇಂಥ ಕಡೆಗಳಲ್ಲಿ, ಕೋವಿಕೇರಿಯ ಅರ ಹಿಡಿದ ಆ ಕೊನೆಯ ಕೆಲಸಗಾರನು, ಯಂತ್ರಯುಗದ ಕಾರ್ಖಾನೆಯು ತನ್ನನ್ನು ಹೊರಗಟ್ಟಿ ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೂ, ಬೇರೊಬ್ಬರ ಕೈಯೊಳಗೆ ಬಂದು ಕೂತಿರುತ್ತಾನೆ.

ಸ್ಪ್ರಿಂಗು ಹಾಗಲ್ಲ, ಅದು ಲೆಕ್ಕಕ್ಕೆ ಒಳಪಟ್ಟದ್ದು. ತಂತಿಯ ದಪ್ಪ, ಹೊರವ್ಯಾಸ, ಒಳವ್ಯಾಸ, ಸುತ್ತುಗಳ ಸಂಖ್ಯೆ, ಒಟ್ಟು ಉದ್ದ ಇವಿಷ್ಟನ್ನು ಬರೆದು ಕಳುಹಿಸಿದರೆ ಸ್ಪ್ರಿಂಗು ಸುತ್ತುವವನು ಕೋವಿಯನ್ನು ಕಾಣದೆಯೇ ಮಾಡಿಕೊಡಬಲ್ಲನು. ಉದ್ದವೂ ದಪ್ಪವೂ ಹೆಚ್ಚಿದಷ್ಟು ಬಲ ಹೆಚ್ಚುವುದೆಂದು ಭಾವಿಸಿ ಅತಿಯಾದುದನ್ನು ತುರುಕುವುದು ಹೊಸಬರ ಸಾಮಾನ್ಯ ದೋಷ. ಮೂರು ಮಿಲಿಮೀಟರ್ ದಪ್ಪದ ತಂತಿಯ ಮೂವತ್ತು ಸುತ್ತುಗಳು ಒಂದಕ್ಕೊಂದು ತಾಗಿ ನಿಂತಾಗ 90 ಮಿಲಿಮೀಟರ್ ಆಗುತ್ತವೆ. ಕೋವಿಯನ್ನು ಪೂರ್ತಿಯಾಗಿ ಎಳೆದಾಗ ಸ್ಪ್ರಿಂಗಿಗೆ ಉಳಿಯುವ ಎಡೆಯು ಅದಕ್ಕಿಂತ ಕಡಿಮೆಯಾಗಿದ್ದರೆ ಪಿಸ್ಟನ್ನು ಕೊಕ್ಕೆಯನ್ನು ಮುಟ್ಟುವುದೇ ಇಲ್ಲ. ಸನ್ನೆಯ ಮೇಲೆ ಬಲಪ್ರಯೋಗ ಮಾಡಿದರೆ ಸನ್ನೆ ಬಾಗುತ್ತದೆ. ಸ್ಪ್ರಿಂಗಿನ ಎರಡು ತುದಿಗಳೂ ಸಪಾಟಾಗಿ ಕೂರುವಂತೆ ಮಸೆದಿರಬೇಕು. ಒಂದು ಬದಿಗೆ ವಾಲಿ ಕೂತ ಸ್ಪ್ರಿಂಗು ಪಿಸ್ಟನ್ನನ್ನೂ ಓರೆಯಾಗಿ ನೂಕಿ ಸಿಲಿಂಡರಿನ ಗೋಡೆಯನ್ನು ಗೀರುತ್ತದೆ. ಕೋವಿಯ ಶಕ್ತಿಗೆ ಕಾನೂನಿನ ಮಿತಿಯೂ ಇದೆಯೆಂಬುದನ್ನು ಮರೆಯಬಾರದು: ಬ್ರಿಟನ್ನಿನಲ್ಲಿ ಗುಂಡಿನ ಶಕ್ತಿಯು 12 ಅಡಿ-ಪೌಂಡುಗಳನ್ನು ಮೀರಿದರೆ ಗಾಳಿಕೋವಿಯು ಪರವಾನಗಿ ಬೇಕಾದ ಆಯುಧಗಳ ವರ್ಗಕ್ಕೆ ಸೇರುತ್ತದೆ, ಸ್ಕಾಟ್ಲೆಂಡಿನಲ್ಲಿ 2016ರ ಕೊನೆಯ ದಿನದಿಂದ ಸಾಮಾನ್ಯ ಗಾಳಿಕೋವಿಗೂ ಪ್ರಮಾಣಪತ್ರ ಬೇಕು. ಹಳೆಯ ಕೋವಿಯ ಸೌಮ್ಯತೆಯೇ ಅದರ ಗುಣ. ಅದನ್ನು ಹೊಸ ಕೋವಿಯೊಡನೆ ಸ್ಪರ್ಧೆಗೆ ನಿಲ್ಲಿಸುವುದು ಅದಕ್ಕೆ ಮಾಡುವ ಅಪಚಾರವೆಂದೇ ನಾನು ತಿಳಿದಿದ್ದೇನೆ.

ಎಣ್ಣೆಯ ವಿಷಯದಲ್ಲಿ ಅನೇಕರು ಅರಿಯದ ಸಂಗತಿಯೊಂದಿದೆ. ಪಿಸ್ಟನ್ನು ನುಗ್ಗಿದಾಗ ಮುಂದಿನ ಗಾಳಿಯು ಕ್ಷಣಾರ್ಧದಲ್ಲಿ ಅಷ್ಟು ಕಾಯುತ್ತದೆಂದರೆ, ಅಲ್ಲಿದ್ದ ಎಣ್ಣೆಯ ಆವಿಯು ಡೀಸೆಲ್ ಎಂಜಿನಿನಲ್ಲಿ ಆಗುವಂತೆ ಹೊತ್ತಿಕೊಳ್ಳಬಲ್ಲದು. ಕಾರ್ಡ್ಯೂ ಎಂಬ ತಂದೆಮಕ್ಕಳಿಬ್ಬರು ಗಾಳಿಕೋವಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಮಾನ್ಯವಾದದ್ದು. ಪ್ರಾಣವಾಯುವಿಲ್ಲದ ಸಾರಜನಕದ ವಾತಾವರಣದಲ್ಲಿ ಅವರು ಕೋವಿಯನ್ನು ಹಾರಿಸಿದಾಗ ಗುಂಡಿನ ವೇಗವು ಗಣನೀಯವಾಗಿ ಕುಸಿಯಿತು. ಅಂದರೆ ಸಾಧಾರಣ ಹೊಡೆತದಲ್ಲಿಯೂ ಸೂಕ್ಷ್ಮವಾದ ದಹನವೊಂದು ಗುಂಡಿಗೆ ನೆರವಾಗುತ್ತಿರುತ್ತದೆಂದಾಯಿತು. ಮಿತಿಯಲ್ಲಿ ನೆರವಾಗುವ ಈ ಬೆಂಕಿಯೇ ಅತಿಯಾದರೆ ಸಿಡಿಲಿನಂತೆ ಶಬ್ದ ಮಾಡಿ, ಪಿಸ್ಟನ್ನನ್ನು ಹಿಂದಕ್ಕೆ ಅಪ್ಪಳಿಸಿ, ಸ್ಪ್ರಿಂಗನ್ನು ಮುರಿಯುತ್ತದೆ. ಚರ್ಮಕ್ಕೆ ಎಣ್ಣೆ ಬೇಕು. ಆದರೆ ಅಂಗಡಿಯ ತೆಳುವಾದ ಖನಿಜತೈಲವನ್ನು ಗಾಳಿಯ ರಂಧ್ರಕ್ಕೆ ಸುರಿಯಬಾರದು.

ತೂಬಿನ ಮಾತನ್ನು ಹೇಳದೆ ಈ ಬರಹ ಮುಗಿಯಲಾರದು, ಏತಕ್ಕೆಂದರೆ ಜೆಫ್ರೀಸ್ ಕೋವಿಯ ಪ್ರಾಣವಿರುವುದು ಅದರಲ್ಲಿ. ಕೆರೆಯ ತೂಬು ನೀರನ್ನು ತಡೆದು ಬಿಡುವಂತೆ ಇದು ಗಾಳಿಯನ್ನು ತಡೆದು ಬಿಡುತ್ತದೆ. ಒಂದು ತುದಿ ಕಿರಿದಾದ ಉಕ್ಕಿನ ಬಿರಡೆಯೊಂದು ಅದೇ ಇಳಿಜಾರಿನ ಕುಳಿಯಲ್ಲಿ ಕೂತಿರುತ್ತದೆ. ಬಿರಡೆಯ ಅಡ್ಡಕ್ಕೆ ಕೊರೆದ ತೂತಿನಲ್ಲಿ ಗುಂಡನ್ನಿಟ್ಟು ತಿರುಗಿಸಿದರೆ, ಆ ತೂತು ಒಂದು ಕಡೆ ಗಾಳಿಯ ರಂಧ್ರಕ್ಕೂ ಇನ್ನೊಂದು ಕಡೆ ನಳಿಗೆಗೂ ನೇರವಾಗಿ ನಿಲ್ಲುತ್ತದೆ. ಬಿರಡೆಗೂ ಕುಳಿಗೂ ಕೂದಲೆಳೆಯ ಅಂತರ ಬಿದ್ದರೆ ಗಾಳಿ ಸೋರಿ, ಚರ್ಮವೂ ಸ್ಪ್ರಿಂಗೂ ಹೊಸದಾಗಿದ್ದರೂ ಗುಂಡು ಸೋತು ಬೀಳುತ್ತದೆ. ತೂಬಿನ ಮೇಲೆ ತೆಳುವಾದ ಕಾಗದದ ಚೂರನ್ನಿಟ್ಟು ಕೋವಿ ಹಾರಿಸಿದರೆ, ಚೂರು ಹಾರಿಹೋಗುವುದರಿಂದ ಸೋರಿಕೆ ತಿಳಿಯುತ್ತದೆ. ನಯವಾದ ಮಸೆಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಿರಡೆಗೆ ಸವರಿ, ಕುಳಿಯಲ್ಲಿ ಅತ್ತಿತ್ತ ತಿರುಗಿಸಿ ಮಸೆದರೆ ಎರಡೂ ಮೈಗಳು ಒಂದನ್ನೊಂದು ಕಂಡುಕೊಳ್ಳುತ್ತವೆ. ಆದರೆ ಮಸೆದಷ್ಟೂ ಬಿರಡೆಯು ಕುಳಿಯೊಳಗೆ ಆಳಕ್ಕಿಳಿದು, ಅದರ ತೂತು ನಳಿಗೆಯ ನೇರದಿಂದ ಪಕ್ಕಕ್ಕೆ ಸರಿಯುತ್ತದೆ. ಆಗ ಗುಂಡಿನ ಅಂಚು ಕೆರೆದು ಗುರಿ ಕೆಡುತ್ತದೆ. ಹೆಚ್ಚು ಸವೆದ ತೂಬಿಗೆ ಮಸೆಯುವುದು ಮದ್ದಲ್ಲ. ಸ್ವಲ್ಪ ದಪ್ಪನಾದ ಹೊಸ ಬಿರಡೆಯನ್ನು ತಂದು ಅಥವಾ ಕಡೆದು, ಅದನ್ನು ಕುಳಿಗೆ ತಕ್ಕಂತೆ ಮಸೆದು, ಪೂರ್ತಿ ಕೂತ ಬಳಿಕವೇ ಗುಂಡಿನ ತೂತನ್ನು ಕೊರೆಯುವುದು ಬಲ್ಲವರ ಕ್ರಮ. ಕಾರ್ಖಾನೆಯ ಹಳೆಯ ಹೊಸ ಬಿರಡೆಯೇ ಸಿಕ್ಕಿದರೂ ಅದು ನೇರವಾಗಿ ಕೂರುವುದು ಅಪರೂಪ. ಒಂದೊಂದು ಕುಳಿಯೂ ತನ್ನ ಬಿರಡೆಯೊಡನೆ ನೂರು ವರ್ಷ ಬಾಳಿ ತನ್ನದೇ ಸವೆತವನ್ನು ಪಡೆದುಕೊಂಡಿರುತ್ತದೆ.

ಕೊಕ್ಕೆಯ ಬಗ್ಗೆ ಒಂದೇ ಎಚ್ಚರಿಕೆ ಸಾಕು. ಅದರ ಗಡಸುತನವಿರುವುದು ಮೇಲ್ಮೈಯ ತೆಳುವಾದ ಪದರದಲ್ಲಿ ಮಾತ್ರ. ಕುದುರೆ ಹಗುರಾಗಲೆಂದು ಅಂಚನ್ನು ಸಾಣೆ ಹಿಡಿದು ಆ ಪದರವನ್ನು ದಾಟಿದರೆ, ಒಳಗಿನ ಮೃದುವಾದ ಕಬ್ಬಿಣ ಬಯಲಾಗಿ, ಕೋವಿಯು ಯಾರೂ ಮುಟ್ಟದೆ ತಾನಾಗಿ ಹಾರುವ ಅಪಾಯಕಾರಿ ವಸ್ತುವಾಗುತ್ತದೆ.

ಹೊರಮೈಗೆ ಸಂಬಂಧಿಸಿದಂತೆ ಪಂಡಿತರಲ್ಲಿಯೂ ಭಿನ್ನಾಭಿಪ್ರಾಯವಿದೆ. ಉಕ್ಕನ್ನು ಕನ್ನಡಿಯಂತೆ ಉಜ್ಜಿ, ಹೊಸದಾಗಿ ನೀಲಿಗಟ್ಟಿಸಿ, ಹಿಡಿಗೆ ಹೊಳಪೇರಿಸಿ, ನಿನ್ನೆ ಕಾರ್ಖಾನೆಯಿಂದ ಬಂದಂತೆ ಮಾಡುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಉಜ್ಜುವ ಚಕ್ರಕ್ಕೆ ಮೊದಲು ಬಲಿಯಾಗುವುದು ಲಾಂಛನ ಮತ್ತು ಪೇಟೆಂಟಿನ ಅಕ್ಷರಗಳು. ಮೂರು ಬಂದೂಕುಗಳ ಚಿತ್ರ ಮಸುಕಾದ ಮೇಲೆ ಕೋವಿಯ ವಂಶವನ್ನು ಹೇಳುವವರು ಯಾರು? ಎಷ್ಟೋ ಕೆನ್ನೆಗಳು ತಾಗಿ ಕಪ್ಪಾದ ಮರದ ಹಿಡಿಯನ್ನು ಹಾಗೆಯೇ ಉಳಿಸಿ, ತುಕ್ಕನ್ನಷ್ಟೇ ಎಣ್ಣೆಯಿಂದ ಬಿಡಿಸಿ, ಕೆಟ್ಟುಹೋದ ಮೂಲ ಭಾಗಗಳನ್ನು ಎಸೆಯದೆ ಡಬ್ಬಿಯೊಂದರಲ್ಲಿಟ್ಟು, ಯಾವ ಭಾಗ ಯಾವ ವರ್ಷ ಬದಲಾಯಿತೆಂದು ಚೀಟಿ ಬರೆದು ಕೋವಿಯ ಜೊತೆಗೆ ಇಡುವ ದುರಸ್ತಿಗಾರರನ್ನು ನಾನು ಹೆಚ್ಚಾಗಿ ಗೌರವಿಸುತ್ತೇನೆ. ಮುಂದಿನವನು ಈ ಚೀಟಿಯನ್ನು ಓದಿ ತನ್ನ ಕೆಲಸವನ್ನು ಆರಂಭಿಸುತ್ತಾನೆ.

ಎಲ್ಲವೂ ಕೂಡಿದ ಮೇಲೆ ಗುಂಡಿನ ಪ್ರಶ್ನೆ ಉಳಿಯುತ್ತದೆ. 0.22 ಎಂಬ ಹೆಸರಿನ ಹಳೆಯ ಇಂಗ್ಲಿಷ್ ನಳಿಗೆಗಳು ಇಂದಿನ 5.5 ಮಿಲಿಮೀಟರ್ ಗುಂಡಿಗೆ ತುಸು ಅಗಲವಾಗುತ್ತವೆ, ಅವಕ್ಕೆ 5.6ರ ಗುಂಡು ಹಿತ. ಈಲಿ ಕಂಪನಿಯ ವಾಸ್ಪ್ ಗುಂಡು ಈ ಅಳತೆಯಲ್ಲಿ ದೊರಕುತ್ತಿದ್ದ ದಿನಗಳಲ್ಲಿ ಮುಂದಾಲೋಚನೆಯುಳ್ಳವರು ಡಬ್ಬಿಗಟ್ಟಲೆ ಕೊಂಡಿಟ್ಟುಕೊಂಡರು. ಹೊಸ ಚರ್ಮದ ಕೋವಿಯು ಮೊದಲ ಹತ್ತಿಪ್ಪತ್ತು ಹೊಡೆತಗಳಲ್ಲಿ ನಳಿಗೆಯ ಬಾಯಿಂದ ನೀಲಿ ಹೊಗೆಯ ಎಳೆಗಳನ್ನು ಬಿಡುತ್ತ, ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ಸಿಡಿಯುತ್ತ, ವೇಗಮಾಪಕದ ಅಂಕಿಗಳನ್ನು ಮೇಲೆ ಕೆಳಗೆ ಕುಣಿಸುತ್ತದೆ. ದುರಸ್ತಿಗಾರನು ಆಗ ಏನನ್ನೂ ಬಿಚ್ಚುವುದಿಲ್ಲ, ಕಾಯುತ್ತಾನೆ. ಹೆಚ್ಚಾದ ಎಣ್ಣೆ ಉರಿದುಹೋಗಿ, ಚರ್ಮದ ಅಂಚು ಸಿಲಿಂಡರಿನ ಗೋಡೆಗೆ ಒಗ್ಗಿಕೊಂಡು, ಅಂಕಿಗಳು ಹತ್ತಿರ ಹತ್ತಿರಕ್ಕೆ ಬಂದು, ಹೊಡೆತದ ಸದ್ದು ಲೋಹದ ಟಣತ್ಕಾರವನ್ನು ಕಳೆದುಕೊಂಡು, ಬಾಗಿಲಿಗೆ ಅಗಳಿ ಬಿದ್ದಂತೆ ಗಂಭೀರವಾದ ಮೇಲೆ, ಆತನು ಕೋವಿಯನ್ನು ಹೆಗಲಿಗೇರಿಸಿ ಆರು ಗಜದ ಗೆರೆಯ ಬಳಿ ಹೋಗಿ ನಿಲ್ಲುತ್ತಾನೆ.